ಇಳಿಜಾರು ಕಲಿಸಿದ ಪಾಠ

ಬೆಟ್ಟ ಹತ್ತುವುದು ನಮ್ಮ ಅರಸೀಕೆರೆ ಸೀಮೆಯವರಿಗೆ ಹೊಸದೇನಲ್ಲ. ಹುಣ್ಣಿಮೆ ಬಂತೆಂದರೆ ಯಾದಾಪುರದ ಜೇನುಕಲ್ಲು ಸಿದ್ಧೇಶ್ವರ ಸ್ವಾಮಿಯ ಬೆಟ್ಟದ ಮೆಟ್ಟಿಲುಗಳು ಭಕ್ತಾದಿಗಳಿಂದ ತುಂಬಿ ಹೋಗುತ್ತವೆ. ಬಾಲ್ಯದಲ್ಲಿ ನಾವು ಸೋದರರಿಬ್ಬರೂ ತಾಯಿಯವರ ಸೆರಗು ಹಿಡಿದು ಹತ್ತಿದ ಬೆಟ್ಟವದು. ಆದರೆ ಬೆಟ್ಟಗುಡ್ಡಗಳಲ್ಲಿ ಓಡುವ ಸ್ಪರ್ಧೆಯೊಂದರಲ್ಲಿ ನಡುವಯಸ್ಸು ದಾಟಿದ ಮೇಲೆ ಪಾಲ್ಗೊಳ್ಳುವೆವೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮ ತಂದೆಯವರು ಐವತ್ತೆರಡನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ಲಿಂಗೈಕ್ಯರಾದರು. ನಮ್ಮಲ್ಲಿ ಹಿರಿಯವನು ಅದೇ ವಯಸ್ಸನ್ನು ಸಮೀಪಿಸುತ್ತಿದ್ದಾಗ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿ ಮೀರಿರುವುದು ತಿಳಿಯಿತು. ವೈದ್ಯರು ನಡೆಯಲು ಹೇಳಿದರು. ಆ ನಡಿಗೆ ವರ್ಷದೊಳಗೆ ಓಟವಾಯಿತು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ 2016ರಲ್ಲಿ ಆರಂಭವಾದ ‘ಮಲ್ನಾಡ್ ಅಲ್ಟ್ರಾ’ ಓಟದ ವಿಷಯ ತಿಳಿದು, 50 ಕಿಲೋಮೀಟರಿನ ವಿಭಾಗಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಮ್ಯಾರಥಾನ್ ಎಂಬುದೇ 42.195 ಕಿಲೋಮೀಟರು, ಇದು ಅದನ್ನೂ ಮೀರಿದ್ದು, ಅದೂ ಏರಿಳಿತದ ಮಣ್ಣಿನ ದಾರಿಯಲ್ಲಿ. ತಾಯಿಯವರು ಬೇಡವೆನ್ನಲಿಲ್ಲ. “ಜೊತೆಯಲ್ಲಿ ಹೋಗಿ, ಜೊತೆಯಲ್ಲಿಯೇ ಬನ್ನಿ. ಇಳಿಯುವಾಗ ಅವಸರ ಬೇಡ ಕಣ್ರಪ್ಪಾ” ಎಂದಷ್ಟೇ ಹೇಳಿದರು.

ಅಭ್ಯಾಸಕ್ಕೆ ನಮ್ಮ ಸುತ್ತಲ ನೆಲವೇ ಸಾಕಾಯಿತು. ಒಂದು ಭಾನುವಾರ ಜೇನುಕಲ್ಲು ಬೆಟ್ಟ. ಇನ್ನೊಂದು ಭಾನುವಾರ ಬೇಲೂರಿನಿಂದ ಹಳೇಬೀಡಿನವರೆಗೆ ಸುಮಾರು 16 ಕಿಲೋಮೀಟರು, ಅಲ್ಲಿಂದ ಪುಷ್ಪಗಿರಿಯ ಏರು. ಹಾಗೆ ಓಡಿ ಬಂದ ಒಂದು ಮುಂಜಾನೆ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬಳಿ ದಣಿವಾರಿಸಿಕೊಳ್ಳುತ್ತಿದ್ದೆವು. ಮಾರ್ಗದರ್ಶಿಯೊಬ್ಬರು ಯಾತ್ರಿಕರಿಗೆ ಶಿಲ್ಪದ ಸಾಲುಗಳನ್ನು ತೋರಿಸುತ್ತಿದ್ದರು: ಎಲ್ಲಕ್ಕಿಂತ ಕೆಳಗೆ ಬಲದ ಸಂಕೇತವಾಗಿ ಆನೆಗಳು, ಅದರ ಮೇಲೆ ಧೈರ್ಯಕ್ಕೆ ಸಿಂಹಗಳು, ಇನ್ನೂ ಮೇಲೆ ವೇಗಕ್ಕೆ ಕುದುರೆಗಳು. ಕೇಳಿ ಮೆಚ್ಚಿದೆವು, ಮನಸ್ಸಿಗೆ ಮಾತ್ರ ತಂದುಕೊಳ್ಳಲಿಲ್ಲ.

ಓಟದ ದಿನ ಏರುಗಳಲ್ಲಿ ನಡೆದೆವು. ಉಸಿರು ತಡೆಯದೆ ಬೇರೆ ದಾರಿಯಿರಲಿಲ್ಲ. ಇಳಿಜಾರು ಬಂದೊಡನೆ, ಕಳೆದ ಸಮಯವನ್ನು ಗಳಿಸಿಕೊಳ್ಳುವ ಆಸೆಯಿಂದ ನಮ್ಮಲ್ಲಿ ಕಿರಿಯವನು ಕುದುರೆಯಂತೆ ಧಾವಿಸಿದ. ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ದುಡಿಯುತ್ತದೆ. ಇಳಿಯುವಾಗಲಾದರೋ ದೇಹದ ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಅದರಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಗಾಯಗಳಾಗುತ್ತವೆ. ಉಸಿರಿಗೆ ಇಳಿಜಾರು ಸುಲಭ, ಕಾಲಿಗೆ ಅದೇ ಕಠಿಣ. ಅರ್ಧ ದಾರಿ ದಾಟಿದ ಮೇಲೆ ಅವನ ತೊಡೆಗಳು ಕಲ್ಲಾದವು. ಉಪ್ಪು ಹಾಕಿದ ನೀರು, ನಾವು ಕಟ್ಟಿಕೊಂಡು ಹೋಗಿದ್ದ ಕೊಬ್ಬರಿ ಬೆಲ್ಲ, ಯಾವುದೂ ಫಲಿಸಲಿಲ್ಲ.

“ನೀನು ಹೋಗಣ್ಣ, ನಿನ್ನ ಕಾಲು ಚೆನ್ನಾಗಿದೆ” ಎಂದ.

ಹಿರಿಯವನಿಗೆ ಹೋಗುವ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ತಂದೆಯವರ ವಯಸ್ಸನ್ನು ಗೆದ್ದೆನೆಂದು ಹೇಳಿಕೊಳ್ಳಲು ಆ ಪದಕವೊಂದು ಬೇಕಿತ್ತು. ಮೋಡದ ಮರೆಯ ಬೆಟ್ಟಗಳನ್ನು ನೋಡುತ್ತಾ ಕ್ಷಣಕಾಲ ನಿಂತೆವು. ಅನಂತರ ಹಿರಿಯವನು ಕಿರಿಯವನ ತೋಳನ್ನು ಹೆಗಲಿಗೆ ಹಾಕಿಕೊಂಡ. ಮುಂದಿನ ವಿಶ್ರಾಂತಿ ತಾಣದವರೆಗೆ ನಡೆದು, ನಮ್ಮ ಓಟ ಇಲ್ಲಿಗೆ ಮುಗಿಯಿತೆಂದು ತಿಳಿಸಿದೆವು.

ಮುಂದಿನ ಹುಣ್ಣಿಮೆಗೆ ಎಪ್ಪತ್ತೈದು ದಾಟಿದ ತಾಯಿಯವರೊಡನೆ ಜೇನುಕಲ್ಲು ಬೆಟ್ಟಕ್ಕೆ ಹೋದೆವು. ದರ್ಶನವಾದ ಮೇಲೆ ಅವರು ಇಳಿಯುವ ರೀತಿಯನ್ನು ಮೊದಲ ಬಾರಿಗೆ ಗಮನಿಸಿ ನೋಡಿದೆವು. ಮೈಯನ್ನು ತುಸು ಓರೆ ಮಾಡಿ, ಮೊಣಕಾಲನ್ನು ಚೂರು ಬಾಗಿಸಿ, ಒಂದೊಂದು ಮೆಟ್ಟಿಲಿಗೂ ಪೂರ್ಣ ಪಾದವೂರಿ ಇಳಿಯುತ್ತಿದ್ದರು. “ಹತ್ತುವಾಗ ಅವಸರ ಮಾಡಿದರೆ ಉಸಿರು ಹೋಗುತ್ತದೆ, ಇಳಿಯುವಾಗ ಅವಸರ ಮಾಡಿದರೆ ಕಾಲು ಹೋಗುತ್ತದೆ. ಹೇಳಿದ್ದೆನಲ್ಲ?” ಎಂದು ನಕ್ಕರು.

ಈಗಲೂ ಭಾನುವಾರಗಳಂದು ನಾವು ಓಡುತ್ತೇವೆ. ಹಿರಿಯವನು ಐವತ್ತೆರಡನ್ನು ದಾಟಿದ್ದಾನೆ, ಸಕ್ಕರೆಯೂ ಹತೋಟಿಯಲ್ಲಿದೆ. ಮನೆಯ ಗೋಡೆಯ ಮೇಲೆ ಪದಕವಿಲ್ಲ. ಆದರೆ ಅಂದು ಸಂಜೆ ಬಾಗಿಲು ತೆರೆದ ತಾಯಿಯವರು ಇಬ್ಬರು ಮಕ್ಕಳನ್ನೂ ಒಟ್ಟಿಗೇ ಕಂಡರು. ನಮಗೆ ಅಷ್ಟು ಸಾಕು.