ಇಬ್ಬರು ಕೃಷ್ಣರು, ಒಬ್ಬನೇ ಆರ್ಯವರ್ಧನ್

ಕುರುಕ್ಷೇತ್ರ ನಾಟಕದ ಕರಪತ್ರವನ್ನು ನೀವು ನೋಡಿರಬಹುದು. ಆಲೂರು, ಸಕಲೇಶಪುರದ ಕಡೆ ಕೆಲಸದ ಗಡಿಬಿಡಿ ಮುಗಿದು ಹಬ್ಬ, ಜಾತ್ರೆಗಳು ಶುರುವಾದವೆಂದರೆ ಯಾವುದಾದರೊಂದು ಊರಿನಲ್ಲಿ ಈ ನಾಟಕ ಇದ್ದೇ ಇರುತ್ತದೆ. ಕರಪತ್ರದಲ್ಲಿ ‘1ನೇ ಕೃಷ್ಣ’, ‘2ನೇ ಕೃಷ್ಣ’, ‘1ನೇ ದುರ್ಯೋಧನ’, ‘2ನೇ ದುರ್ಯೋಧನ’ ಎಂದು ಹೆಸರುಗಳು ಅಚ್ಚಾಗಿರುತ್ತವೆ. ಇಡೀ ರಾತ್ರಿಯ ಹಾಡು ಒಂದೇ ಗಂಟಲಿಗೆ ಕಷ್ಟ. ಜೊತೆಗೆ ಕಿರೀಟ ಇಟ್ಟುಕೊಳ್ಳಬೇಕೆಂಬ ಆಸೆಯೂ ಊರಿನಲ್ಲಿ ಒಬ್ಬರಿಗೇ ಇರುವುದಿಲ್ಲವಲ್ಲ! ಹೀಗಾಗಿ ಸಂಧಾನಕ್ಕೆ ಹೊರಟಾಗ ಕೋಲಿನಂತಿದ್ದ ಕೃಷ್ಣನಿಗೆ ಯುದ್ಧಭೂಮಿಗೆ ಬರುವ ಹೊತ್ತಿಗೆ ಡೊಳ್ಳುಹೊಟ್ಟೆ ಬಂದಿರುತ್ತದೆ. ಕಂಬಳಿ ಹೊದ್ದು ಕೂತವರಲ್ಲಿ ಒಬ್ಬರೂ ‘ಇವನ್ಯಾರಪ್ಪ’ ಎಂದು ಕೇಳುವುದಿಲ್ಲ. ‘ಮೊದಲನೆಯವನ ಕಂಠ ಚೆನ್ನಾಗಿತ್ತು’ ಎಂದು ಯಾರಾದರೂ ಅಂದರೆ ಉಂಟು.

ಇಂಥ ಜನವೇ 2022ರಲ್ಲಿ ಎರಡನೇ ಆರ್ಯವರ್ಧನ್‌ನನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

‘ಜೊತೆ ಜೊತೆಯಲಿ’ ಧಾರಾವಾಹಿ ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಮೂಲ ಕಥೆ ಮರಾಠಿಯದು. ನಲವತ್ತೈದರ ಶ್ರೀಮಂತ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ, ಮಧ್ಯಮ ವರ್ಗದ ಮನೆಯ ಹುಡುಗಿ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ಅನಿರುದ್ಧ ವಿಷ್ಣುವರ್ಧನ್ ಅವರ ಅಳಿಯ ಎಂಬುದೂ ನಮ್ಮ ಕಡೆಯ ಹೆಂಗಸರ ಲೆಕ್ಕದಲ್ಲಿ ಒಂದು ಅರ್ಹತೆಯೇ. ಅನುವಿನ ಅಪ್ಪ ಸುಬ್ಬು, ಅಮ್ಮ ಪುಷ್ಪ ಅಂತೂ ಪಕ್ಕದ ತೋಟದವರೇ ಆಗಿಬಿಟ್ಟರು.

ಸೀರಿಯಲ್ ನೋಡುವುದು ರಾತ್ರಿಯಾದರೂ ಅದರ ಚರ್ಚೆ ನಡೆಯುವುದು ಮರುದಿನ. ಆಲೂರಿನ ಕೆಂಚಮ್ಮನ ಹೊಸಕೋಟೆಯಿಂದ ಹಿಡಿದು ಸಕಲೇಶಪುರದ ಹೆತ್ತೂರು, ಯಸಳೂರಿನವರೆಗೆ ಕತ್ತಲಾದ ಮೇಲೆ ಆನೆಯ ಭಯ. ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ತೋಟ, ತೋಟದೊಳಗೆ ಯಾವ ಮರದ ಹಿಂದೆ ಯಾವ ಸಲಗ ನಿಂತಿದೆಯೋ. ಹಾಗಾಗಿ ಸಂಜೆಯೇ ಬಾಗಿಲು ಹಾಕಿಕೊಳ್ಳುತ್ತಾರೆ. ಮನೆಮನೆಯಲ್ಲೂ ಅದೇ ಕಂತು ನೋಡಿ, ಹೊಟ್ಟೆಯಲ್ಲೇ ಇಟ್ಟುಕೊಂಡು, ಬೆಳಗ್ಗೆ ಕಾಫಿ ಹಣ್ಣು ಕುಯ್ಯುವಾಗ ಬಿಚ್ಚುತ್ತಾರೆ. ಒಂದು ಸಾಲಿನಲ್ಲಿ ಅನುವಿನ ಪಕ್ಷ, ಇನ್ನೊಂದು ಸಾಲಿನಲ್ಲಿ ಪುಷ್ಪಮ್ಮನ ಪಕ್ಷ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹೆಂಗಸರು ಕನ್ನಡ ಬಾರದಿದ್ದರೂ ನಡುವೆ ‘ಆರ್ಯ ಸರ್’ ಎಂದು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಮಾತು ಗೊತ್ತಿಲ್ಲ, ಮುಖ ಗೊತ್ತು.

ಈ ನಾಡಿಗೆ ಟಿ.ವಿ. ಬಂದ ಬಗೆಯೇ ತಮಾಷೆಯದು. ದೇಶಕ್ಕೆಲ್ಲ ದೂರದರ್ಶನ ತಲುಪಿಸಿದ ಇನ್ಸಾಟ್ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿ ಇಡುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಅದರ ಬೆನ್ನಿಗಿರುವ ಗುಡ್ಡದವರು ಮಾತ್ರ ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬ ತಿರುಗಿಸುತ್ತ, ಇನ್ನೊಬ್ಬ ಕಿಟಕಿಯಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಕೂಗುತ್ತ ಕಾಲ ಕಳೆದವರು. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬರುತ್ತಿದ್ದಾಗಲೂ ಅರ್ಧ ಕಥೆ ಕಂಡದ್ದು, ಉಳಿದರ್ಧ ಊಹಿಸಿದ್ದು. ಈಗ ಸೂರಿನ ಮೇಲೆ ಡಿಶ್ ಕೂತಿದೆ. ಆದರೂ ಆಷಾಢದ ಮಳೆ ಹಿಡಿಯಿತೆಂದರೆ ಪರದೆ ನೀಲಿಯಾಗುತ್ತದೆ, ಕರೆಂಟು ಹೋದರೆ ಮೂರು ದಿನ ಇಲ್ಲ. ಆಗ ಕರೆಂಟು ಇದ್ದ ಊರಿನವರು ಫೋನಿನಲ್ಲಿ ಕಥೆ ಹೇಳಬೇಕು. ಹೇಳುವವರು ತಮಗೆ ಬೇಕಾದಂತೆ ತಿದ್ದಿ ಹೇಳುವುದೂ ಉಂಟು.

ಇಷ್ಟೊಂದು ಹೊತ್ತು ಸೀರಿಯಲ್ ಮಾತಾಡಿ ಏನು ಬಂತು ಎಂದು ಮಕ್ಕಳ ಪರೀಕ್ಷೆಯ ಚಿಂತೆಯಲ್ಲಿರುವ ಅಪ್ಪ ಅಮ್ಮಂದಿರು ಕೇಳಬಹುದು. ನಮ್ಮ ಅಣ್ಣನ ಮನೆಯಲ್ಲಿ ಏನು ಬಂತು ಎಂಬುದನ್ನು ಹೇಳುತ್ತೇನೆ.

2019ರ ಕುಯ್ಲಿನ ಕಾಲ. ಅಣ್ಣನ ಮಗಳು ಹಾಸನದಲ್ಲಿ ಡಿಗ್ರಿ ಎರಡನೇ ವರ್ಷ. ಅವಳಿಗೊಂದು ಸಂಬಂಧ ಬಂತು. ಒಳ್ಳೆಯ ತೋಟ, ಸಾಲವಿಲ್ಲ, ಹುಡುಗ ಮಾತ್ರ ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ನಮ್ಮ ಮನೆಯಲ್ಲಿ ಇಂಥ ವಿಷಯವನ್ನು ನೇರವಾಗಿ ಆಡುವ ರೂಢಿಯಿಲ್ಲ. ಅಣ್ಣ ಮೊದಲೇ ಮಾತಿಲ್ಲದವನು. ಅತ್ತಿಗೆಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಮಾತಾಡಿದ್ದು ದೊಡ್ಡಮ್ಮ. ಅವಳೂ ನೇರವಾಗಿ ಆಡಲಿಲ್ಲ.

“ಆರ್ಯವರ್ಧನ್ ನೋಡು, ನಲವತ್ತೈದಾದ್ರೂ ಹೆಂಗವ್ನೆ! ವಯಸ್ಸಲ್ಲಿ ಏನೈತೆ, ಹೆಣ್ಣು ಸುಖವಾಗಿರ್ಬೇಕು ಕಣವ್ವ.”

ಯಾರ ಬಗ್ಗೆ ಈ ಮಾತು ಎಂದು ಎಲ್ಲರಿಗೂ ಗೊತ್ತು. ಹುಡುಗಿ ಅನ್ನ ಕಲಸುತ್ತ ತಲೆ ಎತ್ತದೆ ಹೇಳಿದಳು: “ಅಜ್ಜಿ, ಅನುಗೆ ಅವನ ಮೇಲೆ ತಾನಾಗೇ ಮನಸ್ಸಾಯ್ತು. ಅವಳ ಕೈಗೆ ಯಾರೂ ಕಾಫಿ ತಟ್ಟೆ ಕೊಟ್ಟು ಜಗಲಿಗೆ ಕಳಿಸ್ಲಿಲ್ಲ.”

ಆಮೇಲೆ ವಾರಗಟ್ಟಲೆ ಈ ವಾದ ನಡೆಯಿತು. ಅನು ಮಾಡಿದ್ದು ಸರಿಯೇ, ದುಡ್ಡು ನೋಡಿ ಮನಸೋತಳೇ, ಅಪ್ಪನ ವಯಸ್ಸಿಗೆ ಹತ್ತಿರದವನ ಜೊತೆ ಏನು ಮಾತಾಡುತ್ತಾಳೆ, ಓದು ಏನಾಯಿತು. ಹುಡುಗಿ ತನಗೆ ಹೇಳಬೇಕಾದುದನ್ನೆಲ್ಲ ಅನುವಿನ ಹೆಸರಿನಲ್ಲಿ ಹೇಳಿದಳು. ಅತ್ತಿಗೆ ಒಂದೆರಡು ಸಲ ಪುಷ್ಪಳ ಹೆಸರಿನಲ್ಲಿ ಬಾಯಿ ಬಿಟ್ಟಳು. ಒಂದು ರಾತ್ರಿ ಊಟಕ್ಕೆ ಕೂತ ಅಣ್ಣ ಯಾರ ಮುಖವನ್ನೂ ನೋಡದೆ, “ಆ ಸುಬ್ಬು ಹತ್ರ ಕಾಸಿಲ್ಲ. ಆದ್ರೂ ಮಗಳ ಮುಖ ನೋಡಿ ಮಾತಾಡ್ತಾನೆ” ಎಂದ. ಅಷ್ಟೇ. ಮರುವಾರ ಆ ಮನೆಯವರಿಗೆ ‘ಓದು ಮುಗಿಯಲಿ’ ಎಂದು ಹೇಳಿ ಕಳಿಸಿದ. ಸಂಬಂಧ ಅಲ್ಲಿಗೆ ಬಿತ್ತು. ಅದರ ಬಗ್ಗೆ ಮನೆಯಲ್ಲಿ ಒಂದು ನೇರ ಮಾತೂ ನಡೆಯಲಿಲ್ಲ. ಆ ಸೀರಿಯಲ್ಲಿನ ಕಥೆ ಅಷ್ಟೇನೂ ಗಟ್ಟಿಯಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಆ ಕಾಲಕ್ಕೆ ಅದಿಲ್ಲದಿದ್ದರೆ ಆ ಊಟದ ಮನೆಯಲ್ಲಿ ತಟ್ಟೆಯ ಸದ್ದಲ್ಲದೆ ಬೇರೆ ಸದ್ದಿರುತ್ತಿರಲಿಲ್ಲ.

ಮೂರು ವರ್ಷದ ಮೇಲೆ ನಟರಿಗೂ ನಿರ್ಮಾಣ ತಂಡಕ್ಕೂ ಮನಸ್ತಾಪವಾಗಿ ಅನಿರುದ್ಧ ಹೊರಬಂದರು. ಯಾರು ಸರಿ ಎಂಬ ಪಂಚಾಯಿತಿ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಸಾಕಷ್ಟು ನಡೆಯಿತು, ನಮಗದು ಬೇಡ. ಕಥೆಗಾರರು ಆರ್ಯವರ್ಧನ್‌ಗೆ ಅಪಘಾತ ಮಾಡಿಸಿ, ಮುಖಕ್ಕೆ ಆಪರೇಷನ್ ಮಾಡಿಸಿ, ಹರೀಶ್ ರಾಜ್ ಅವರನ್ನು ತಂದರು. ಹರೀಶ್ ರಾಜ್ ಪಳಗಿದ ನಟ. ಪಾಪ, ಅವರದೇನು ತಪ್ಪು? ದೊಡ್ಡಮ್ಮ ಮಾತ್ರ ಎದ್ದು ಒಲೆ ಮುಂದೆ ಹೋಗಿ ಕೂತಳು.

ಹುಡುಗಿ ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿಂದಲೇ ಫೋನಿನಲ್ಲಿ ವಾದ.

“ಅಜ್ಜಿ, ಮುಖ ಬೇರೆ ಆದ್ರೂ ಮನಸ್ಸು ಅದೇ ಅಲ್ವಾ?”

“ಮನಸ್ಸು ಟಿ.ವಿ.ಲಿ ಕಾಣಾಕಿಲ್ಲ ಕಣೆ. ಕಾಣದು ಮುಖಾನೇ.”

“ಮತ್ತೆ ನಾಟಕದಲ್ಲಿ ಇಬ್ಬರು ಕೃಷ್ಣರು ಬಂದ್ರೆ ಕೈ ಮುಗೀತೀಯ?”

“ಕೃಷ್ಣನ ಮುಖ ಯಾರ್ ನೋಡವ್ರೆ?”

ಈ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಕೃಷ್ಣ ನಾಟಕಕ್ಕಿಂತ ಮೊದಲೇ ನಮ್ಮ ಮನೆಗೆ ಬಂದವನು. ಯಾರು ಕಿರೀಟ ಇಟ್ಟರೂ ನಾವು ಒಳಗಿನ ಕೃಷ್ಣನನ್ನು ಅವರ ಮೇಲೆ ಹೊದಿಸುತ್ತೇವೆ. ಆರ್ಯವರ್ಧನ್ ಹುಟ್ಟಿದ್ದೇ ಅನಿರುದ್ಧರ ಮುಖದೊಂದಿಗೆ, ಅವರ ನರೆತ ಕೂದಲಿನೊಂದಿಗೆ. ಅದನ್ನು ತೆಗೆದರೆ ಹೊದಿಸಲು ಏನೂ ಉಳಿಯುವುದಿಲ್ಲ. 2013ರ ಕೊನೆಯಲ್ಲಿ ಶುರುವಾಗಿ ಆರು ವರ್ಷ ನಡೆದ ‘ಅಗ್ನಿಸಾಕ್ಷಿ’ಯಿಂದ ಸಿದ್ಧಾರ್ಥ್ ಪಾತ್ರದ ವಿಜಯ್ ಸೂರ್ಯ 2019ರಲ್ಲಿ ಹೊರಟಾಗಲೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸನ್ನಿಧಿಯೇ ವಿಧವೆಯಾದಂತೆ ಮಾತಾಡಿಕೊಂಡರು.

ಇಂಗ್ಲೆಂಡಿನವರದು ಬೇರೆ ಅಭ್ಯಾಸ. ಅಲ್ಲಿ 1985ರಲ್ಲಿ ಶುರುವಾದ ‘ಈಸ್ಟ್‌ಎಂಡರ್ಸ್’ನಲ್ಲಿ ಬೆನ್ ಮಿಚೆಲ್ ಎಂಬ ಒಂದೇ ಪಾತ್ರಕ್ಕೆ ಹಲವು ನಟರು ಬಂದು ಹೋಗಿದ್ದಾರೆ. ಅಪಘಾತವಿಲ್ಲ, ಆಪರೇಷನ್ನಿಲ್ಲ. ಹೊಸ ಮುಖ ಬಾಗಿಲು ತೆರೆದು ಒಳಬರುತ್ತದೆ, ಮನೆಯವರು ಹಳೆಯ ಹೆಸರಿನಲ್ಲೇ ಕರೆಯುತ್ತಾರೆ, ನೋಡುವವರು ಗೊಣಗಿಕೊಂಡು ಒಗ್ಗಿಹೋಗುತ್ತಾರೆ. ಅದೇ ದೇಶದ ‘ಕೊರೊನೇಷನ್ ಸ್ಟ್ರೀಟ್’ನಲ್ಲಿ ವಿಲಿಯಂ ರೋಚ್ 1960ರ ಡಿಸೆಂಬರಿನ ಮೊದಲ ಕಂತಿನಿಂದ ಕೆನ್ ಬಾರ್ಲೋ ಆಗಿ ನಟಿಸುತ್ತ, ತೊಂಬತ್ತು ದಾಟಿದ ಮೇಲೂ ಅದೇ ಪಾತ್ರದಲ್ಲಿ ಕಾಣಿಸಿಕೊಂಡರು. ಇದನ್ನು ಹೇಳಿದಾಗ ದೊಡ್ಡಮ್ಮ, “ಅದು ಸಂಸಾರ ಅಂದ್ರೆ” ಎಂದಳು.

ದೊಡ್ಡಪ್ಪ ತೀರಿಕೊಂಡಾಗ ದೊಡ್ಡಮ್ಮನಿಗೆ ಇನ್ನೂ ಮೂವತ್ತೆರಡು. ಇದ್ದದ್ದು ಒಂದೇ ಫೋಟೊ. ಮಲೆನಾಡಿನ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿದು, ಅಂಗಿ, ಕುರ್ಚಿ ಎಲ್ಲ ಉಳಿದು, ಮುಖದ ಜಾಗವೇ ಅಳಿಸಿಹೋಗಿದೆ. ಅಣ್ಣ ಅದನ್ನು ಒಂದು ಸ್ಟುಡಿಯೋಗೆ ಕೊಟ್ಟು ಕಂಪ್ಯೂಟರಿನಲ್ಲಿ ಸರಿಮಾಡಿಸಿ ತಂದಿದ್ದ. ಕಣ್ಣು, ಮೂಗು, ಮೀಸೆ ಎಲ್ಲ ಚೊಕ್ಕಟವಾಗಿ ಕೂತಿದ್ದವು. ದೊಡ್ಡಮ್ಮ ಒಂದು ಗಳಿಗೆ ನೋಡಿ, “ಚೆನ್ನಾಗವ್ರೆ, ಯಾರೋ” ಎಂದು ಬೀರುವಿನ ಮೇಲಿಟ್ಟು, ಮುಖವಿಲ್ಲದ ಹಳೆಯ ಫೋಟೊವನ್ನೇ ಮತ್ತೆ ಮೊಳೆಗೆ ಸಿಕ್ಕಿಸಿದ್ದಳು. ಈ ಸಂಗತಿ ನಡೆದದ್ದು ಸೀರಿಯಲ್ಲಿಗಿಂತ ಎಷ್ಟೋ ವರ್ಷ ಮೊದಲು. ಫೋನಿನಲ್ಲಿ ವಾದ ನಡೆಯುವಾಗ ನನಗೆ ನೆನಪಾಯಿತು. ಹುಡುಗಿಗೂ ನೆನಪಾಗಿರಬೇಕು, ಆಮೇಲೆ ಅವಳು ಆರ್ಯವರ್ಧನ್ ವಿಷಯ ಎತ್ತಲಿಲ್ಲ.

2023ರ ಮೇ ತಿಂಗಳಲ್ಲಿ ‘ಜೊತೆ ಜೊತೆಯಲಿ’ ಮುಗಿಯಿತು. ಕಡೆಯ ಕಂತನ್ನು ಅತ್ತಿಗೆ ಒಬ್ಬಳೇ ನೋಡಿದಳಂತೆ. ದೊಡ್ಡಮ್ಮ ಈಗ ಬೇರೆ ಯಾವುದೋ ಸೀರಿಯಲ್ಲಿಗೆ ಕೂರುತ್ತಾಳೆ. ಹೊಸ ನಾಯಕ ತೆರೆಯ ಮೇಲೆ ಬಂದ ಮೊದಲ ದಿನ ಅವಳು ಕೇಳಿದ್ದು ಅವನ ಹೆಸರನ್ನಲ್ಲ.

“ಇವ್ನು ಕೊನೆಗಂಟ ಇರ್ತಾನೇನೇ?”