ಆಗುಂಬೆಯ ಮಳೆಗೆ ಮೂರು ಲೆಕ್ಕ

ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಸಹ್ಯಾದ್ರಿ ಎದುರಿಗೆ ಗೋಡೆಯಂತೆ ನಿಲ್ಲುತ್ತದೆ. ಅಲ್ಲಿಂದ ಹದಿನಾಲ್ಕು ತಿರುವುಗಳ ಘಾಟಿ ಹತ್ತಿದರೆ ಆಗುಂಬೆ. ರಸ್ತೆ ಹತ್ತು ಕಿ.ಮೀ. ಆಸುಪಾಸು, ಏರುವ ಎತ್ತರ ಅರ್ಧ ಕಿಲೋಮೀಟರಿನಷ್ಟು! ಕಡಲಿನಿಂದ ಬಂದ ತೇವದ ಗಾಳಿಗೂ ಇದೇ ಏರು. ಏರುತ್ತ ತಣ್ಣಗಾಗಿ ಹೊತ್ತ ನೀರನ್ನೆಲ್ಲ ಇಲ್ಲೇ ಇಳಿಸುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಊರಿದು. ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗ ನಗರಕ್ಕೆ ಅದರ ಐದರಲ್ಲೊಂದು ಪಾಲೂ ಇಲ್ಲ.

ಸೂರ್ಯಾಸ್ತ ಬೇಕಾದವರು ಚಳಿಗಾಲದಲ್ಲಿ ಬರುತ್ತಾರೆ. ಮಳೆಯನ್ನೇ ನೋಡಬೇಕೆನ್ನುವವರಿಗೆ ಜುಲೈ. ನಮ್ಮಂಥ ಮೇಷ್ಟ್ರುಗಳಿಗೆ ಮಕ್ಕಳನ್ನು ಜುಲೈನಲ್ಲೇ ಕರೆತರುವ ಆಸೆ, ಹೆತ್ತವರಿಗೆ ಅದೇ ಭಯ. ಘಾಟಿಯಲ್ಲಿ ಗುಡ್ಡ ಕುಸಿಯುವುದು, ಹಳ್ಳ ಏಕಾಏಕಿ ಉಕ್ಕುವುದು ಸುಳ್ಳಲ್ಲವಲ್ಲ. ಸೋಮವಾರವೇ ಫೋನು ಹಿಡಿದು ಬರುತ್ತಾರೆ: "ಶನಿವಾರ ಹೊರಡೋದಾ ಸರ್? ಇದರಲ್ಲಿ ಒಂದೊಂದು ಒಂದೊಂದು ಹೇಳ್ತಿದೆ."

ಹೇಳುವುದು ಹಾಗೆಯೇ. ಉದಾಹರಣೆಗೆ ಶನಿವಾರದ ಮಳೆ ಒಂದು ಮಾದರಿಯಲ್ಲಿ 40 ಮಿ.ಮೀ., ಇನ್ನೊಂದರಲ್ಲಿ 110, ಮೂರನೆಯದರಲ್ಲಿ 180 ಎನ್ನಿ. ಭಾರತ ಹವಾಮಾನ ಇಲಾಖೆಯ ಅಳತೆಯಲ್ಲಿ ಮೊದಲನೆಯದು ಸಾಧಾರಣ ಮಳೆ, ಎರಡನೆಯದು ಭಾರಿ, ಮೂರನೆಯದು ಅತಿ ಭಾರಿ. 64.5 ದಾಟಿದರೆ ಭಾರಿ, 115.5 ಮೀರಿದರೆ ಅತಿ ಭಾರಿ. ಆಕಾಶ ಒಂದೇ ಆಗಿರುವಾಗ ಲೆಕ್ಕ ಮೂರು ಬಂದದ್ದು ಹೇಗೆ?

ಇದಕ್ಕೆ ಉತ್ತರ ಪುಸ್ತಕಕ್ಕಿಂತ ಚೆನ್ನಾಗಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ಸಿಗುತ್ತದೆ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಒಂದು ಚೌಕದ ನೆಲಕ್ಕೆಲ್ಲ ಒಂದೇ ಎತ್ತರ. ಅಮೆರಿಕದ ಜಿ.ಎಫ್.ಎಸ್. ಮಾದರಿಯ ಚೌಕದ ಬದಿ ಸುಮಾರು 13 ಕಿ.ಮೀ.; 1975ರಲ್ಲಿ ಸ್ಥಾಪನೆಯಾದ ಯುರೋಪಿನ ಕೇಂದ್ರದ್ದು 9. ನಮ್ಮಲ್ಲಿ 12 ಕಿ.ಮೀ. ಇದ್ದದ್ದು, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ಭಾರತ್ ಮುನ್ಸೂಚನಾ ವ್ಯವಸ್ಥೆ' 2025ರ ಮೇ ತಿಂಗಳಲ್ಲಿ ಬಂದ ಮೇಲೆ 6ಕ್ಕೆ ಇಳಿಯಿತು. ಈಗ ಕಟ್ಟೆಯಿಂದ ಕೆಳಗೆ ನೋಡಿ. ಕಾಲ ಬುಡದಲ್ಲೇ ಕಾಣುವ ಸೋಮೇಶ್ವರದ ಕಾಡು, ನಾವು ನಿಂತ ನೆತ್ತಿ ಎರಡೂ 13 ಕಿ.ಮೀ. ಚೌಕವೊಂದರಲ್ಲೇ ಕುಳಿತುಬಿಡಬಹುದು. ಆಗ ಕಡಿದಾದ ಈ ಗೋಡೆ ಲೆಕ್ಕದಲ್ಲಿ ಒಂದು ಇಳಿಜಾರು ದಿಬ್ಬವಷ್ಟೆ! ದಿಬ್ಬದ ಮೇಲೆ ಗಾಳಿ ಆರಾಮವಾಗಿ ಹತ್ತುತ್ತದೆ, ಮಳೆ ಹರಡಿಹೋಗುತ್ತದೆ.

ಹಾಗೆಂದು ಚೌಕ ಚಿಕ್ಕದಾದಷ್ಟೂ ಲೆಕ್ಕ ಸರಿ ಎನ್ನಲಾಗದು. ಚೌಕಕ್ಕಿಂತ ಸಣ್ಣ ಮೋಡಗಳನ್ನು ಪ್ರತಿ ಮಾದರಿಯೂ ತನ್ನದೇ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಅರಬ್ಬೀ ಸಮುದ್ರದ ಮೇಲೆ ಅಳತೆಯ ಉಪಕರಣಗಳೂ ನೆಲದ ಮೇಲಿದ್ದಷ್ಟು ಇಲ್ಲ. ಉಪಗ್ರಹಗಳೇ ಬಹುಮಟ್ಟಿಗೆ ಆಧಾರ. ಆರಂಭದ ಸಣ್ಣ ವ್ಯತ್ಯಾಸ ದಿನಗಳೆದಂತೆ ದೊಡ್ಡದಾಗುತ್ತದೆಂದು ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಅದಕ್ಕೇ ಯುರೋಪಿನ ಕೇಂದ್ರ ಒಂದು ಲೆಕ್ಕದ ಜೊತೆಗೆ, ಆರಂಭವನ್ನು ಚೂರುಚೂರು ಬದಲಿಸಿ ಐವತ್ತು ಲೆಕ್ಕ ಮಾಡುತ್ತದೆ. ಐವತ್ತೂ ಹತ್ತಿರ ಹತ್ತಿರ ಬಂದರೆ ನಂಬಿಕೆ ಹೆಚ್ಚು; ದಿಕ್ಕಾಪಾಲಾದರೆ ಕಡಿಮೆ.

ಹೋಲಿಸುವಾಗ ಒಂದು ತೊಡಕಿದೆ. ನಮ್ಮ ಇಲಾಖೆಯ 'ದಿನ' ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಫೋನಿನ ದಿನ ಸಾಮಾನ್ಯವಾಗಿ ನಡುರಾತ್ರಿಯಿಂದ ನಡುರಾತ್ರಿಗೆ. ರಾತ್ರಿಯಿಡೀ ಸುರಿದ ಮಳೆ ಒಂದರಲ್ಲಿ ಶನಿವಾರದ್ದಾದರೆ ಇನ್ನೊಂದರಲ್ಲಿ ಭಾನುವಾರದ್ದು. ಜಗಳ ಅರ್ಧ ಇಲ್ಲೇ ಮುಗಿಯುತ್ತದೆ! ಲೆಕ್ಕಗಳು ಶುರುವಾಗುವುದೂ ನಮ್ಮ ಗಡಿಯಾರದ 5.30ಕ್ಕೆ, ಬೆಳಿಗ್ಗೆ ಮತ್ತು ಸಂಜೆ. ಫಲ ಕೈಗೆ ಬರುವುದು ಕೆಲವು ಗಂಟೆ ತಡವಾಗಿ. ಆದ್ದರಿಂದ ಒಬ್ಬರ ಫೋನಿನಲ್ಲಿ ನಿನ್ನೆ ಸಂಜೆಯ ಲೆಕ್ಕ, ಮತ್ತೊಬ್ಬರದರಲ್ಲಿ ಇವತ್ತಿನದು ಇರಬಹುದು.

ಮಕ್ಕಳಿಗೆ ನಾನು ಕೊಡುವ ಕೆಲಸ ಇಷ್ಟು. ಮೂರು ಮಾದರಿಗಳು ಶನಿವಾರಕ್ಕೆ ಏನು ಹೇಳುತ್ತವೆಂದು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ನೋಟ್‌ಬುಕ್ಕಿನಲ್ಲಿ ಬರೆಯುವುದು. ಮಿ.ಮೀ. ಅಂಕಿ ಆಮೇಲೆ, ಮೊದಲು ಕರಾವಳಿಗುಂಟ ಕಡಿಮೆ ಒತ್ತಡದ ಪಟ್ಟಿ ಇದೆಯೇ, ಪಶ್ಚಿಮದ ಗಾಳಿ ಬಲವಾಗಿದೆಯೇ ಎಂಬುದು. ಅದರಲ್ಲಿ ಮೂರೂ ಒಮ್ಮತಕ್ಕೆ ಬಂದರೆ ಮಳೆ ಜೋರಿರುವುದು ಬಹುಮಟ್ಟಿಗೆ ಖಚಿತ, 110ಕ್ಕೋ 180ಕ್ಕೋ ಎಂಬ ಚರ್ಚೆ ಬೇಡ. ಬುಧವಾರಕ್ಕೂ ಅಂಕಿಗಳು ದಿನಕ್ಕೊಂದು ಕಡೆ ನೆಗೆಯುತ್ತಿದ್ದರೆ ಬಸ್ಸಿಗೆ ಮುಂಗಡ ಕೊಡಬಾರದು. ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟರಂತೂ ಯಾವ ಹೋಲಿಕೆಯೂ ಬೇಡ, ಪ್ರವಾಸ ಮುಂದಕ್ಕೆ.

ನೋಟ್‌ಬುಕ್ಕಿನ ಕೊನೆಯ ಕಾಲಂ ಮಳೆಮಾಪಕದ್ದು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಶಾಲೆಯ ಅಂಗಳದಲ್ಲಿ ನೇರ ಬದಿಯ, ಚಪ್ಪಟೆ ತಳದ ಡಬ್ಬಿಯೊಂದಿಟ್ಟು ಸ್ಕೇಲು ಇಳಿಸಿದರೂ ನಡೆಯುತ್ತದೆ, ಆ ಅಂಗಳದ ಮಟ್ಟಿಗೆ. ಶನಿವಾರದ ಮಳೆಯನ್ನು ಅಳೆಯಲು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಯಾರಾದರೊಬ್ಬರು ಎದ್ದು ಹೋಗಬೇಕು. ಇಷ್ಟು ವರ್ಷಗಳಲ್ಲಿ ಆ ಕೆಲಸಕ್ಕೆ ಹೆಸರು ಕೊಟ್ಟವರಲ್ಲಿ ಹುಡುಗಿಯರೇ ಹೆಚ್ಚು.