ಚಿರತೆಯ ನೆರೆಹೊರೆ

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ, ಉಳಿದ ದಿನಗಳನ್ನು ಗಾಳಿ ಬೆಳಕುಗಳು ಯಥೇಚ್ಛವಾಗಿರುವ ಎಡೆಯಲ್ಲಿ ಕಳೆಯಬೇಕೆಂಬ ಆಸೆಯಿಂದ ನಾವು ಮೈಸೂರಿನ ಹೊರವಲಯದಲ್ಲಿ, ಚಾಮುಂಡಿಬೆಟ್ಟದ ತಪ್ಪಲಿಗೆ ಸಮೀಪವಾದ ಹೊಸ ಬಡಾವಣೆಯೊಂದರಲ್ಲಿ ಚಿಕ್ಕ ಮನೆಯನ್ನು ಕಟ್ಟಿಸಿಕೊಂಡೆವು. ಮನೆಗಳಿಗಿಂತ ಖಾಲಿ ನಿವೇಶನಗಳೇ ಅಲ್ಲಿ ಹೆಚ್ಚು. ಅವುಗಳಲ್ಲಿ ಆಳೆತ್ತರಕ್ಕೆ ಲಾಂಟಾನದ ಪೊದೆ ಬೆಳೆದಿರುವುದು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಬೆಟ್ಟದ ದರ್ಶನವಾಗುವುದು. ಈ ಸುಯೋಗವನ್ನು ನಾವು ಬಂಧುಮಿತ್ರರೊಡನೆ ಹೇಳಿಕೊಂಡು ಹಿಗ್ಗುತ್ತಿದ್ದೆವು. ಬೆಟ್ಟವು ನಮಗೆ ಸಮೀಪವಾದರೆ ಬೆಟ್ಟದಲ್ಲಿರುವವರಿಗೆ ನಾವೂ ಸಮೀಪವಾದೆವೆಂಬುದು ಆಗ ನಮಗೆ ಹೊಳೆಯಲಿಲ್ಲ.

ನಮ್ಮ ತೀರ್ಥರೂಪರು ಊಟಕ್ಕೆ ಮುಂಚೆ ಕಾಗೆಗೂ ನಾಯಿಗೂ ಒಂದೊಂದು ಹಿಡಿ ಅನ್ನವನ್ನು ಅಂಗಳದಲ್ಲಿಡದೆ ಎಲೆಯ ಮುಂದೆ ಕುಳಿತವರಲ್ಲ. ಆ ಸಂಪ್ರದಾಯವನ್ನು ನಾವೂ ನಮ್ಮ ಅನುಕೂಲಕ್ಕೆ ತಕ್ಕಂತೆ ನಡೆಸಿಕೊಂಡು ಬಂದಿದ್ದೆವು. ಅನುಕೂಲವೆಂದರೆ ಇಷ್ಟೆ: ರಾತ್ರಿ ಊಟವಾದ ಮೇಲೆ ಮಿಕ್ಕ ಅನ್ನ ಸಾರುಗಳನ್ನು ಕಲಸಿ ಎದುರಿನ ಖಾಲಿ ನಿವೇಶನದ ಮೂಲೆಯಲ್ಲಿ ಸುರಿದು ಬರುವುದು. ಮೊದಲು ಒಂದು ಕರಿಯ ನಾಯಿ ಬಂದಿತು. ಮೊಮ್ಮಗನು ಅದಕ್ಕೆ ಕರಿಯನೆಂದೇ ಹೆಸರಿಟ್ಟನು. ಆರು ತಿಂಗಳಲ್ಲಿ ಕರಿಯನ ಪರಿವಾರವು ಒಂಬತ್ತಕ್ಕೇರಿತು. ಇದೆಲ್ಲವೂ ಪುಣ್ಯಕಾರ್ಯವೆಂದೇ ನಾವು ತಿಳಿದಿದ್ದೆವು.

ಕಳೆದ ಮಾಗಿಯಲ್ಲಿ ಒಂದು ರಾತ್ರಿ ನಾಯಿಗಳೆಲ್ಲವೂ ಒಮ್ಮೆಗೇ ಬೊಗಳಿ, ಒಮ್ಮೆಗೇ ಸುಮ್ಮನಾದುವು. ಬೆಳಗ್ಗೆ ಕರಿಯನು ಕಾಣಲಿಲ್ಲ. ಮೊಮ್ಮಗನು ತಟ್ಟೆಯನ್ನು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೂಗುತ್ತ ನಡೆದನು. ಮಧ್ಯಾಹ್ನ ಎದುರುಮನೆಯವರು ತಮ್ಮ ಗೇಟಿನ ಮೇಲಿರಿಸಿದ್ದ ಕ್ಯಾಮೆರಾದ ಚಿತ್ರವನ್ನು ಮೊಬೈಲಿನಲ್ಲಿ ತಂದು ತೋರಿಸಿದರು. ನಾವು ಅನ್ನ ಸುರಿಯುವ ಅದೇ ಮೂಲೆಗೆ ಪೊದೆಯೊಳಗಿಂದ ಒಂದು ಚಿರತೆ ಹೊಟ್ಟೆಯನ್ನು ನೆಲಕ್ಕೆ ಸೋಕಿಸುತ್ತ ಬಂದಿತು. ಕರಿಯನ ಕುತ್ತಿಗೆಯನ್ನು ಹಿಡಿಯಿತು. ಮರಳಿ ಪೊದೆಯೊಳಕ್ಕೆ ಹೋಯಿತು. ಅಷ್ಟಕ್ಕೂ ಹಿಡಿದ ಕಾಲ ಹತ್ತೆಣಿಸುವಷ್ಟು ಮಾತ್ರ. ಅದಕ್ಕೆ ಅರ್ಧಗಂಟೆ ಮೊದಲು ಅದೇ ಮೂಲೆಯಲ್ಲಿ ಮೊಮ್ಮಗನು ನಮ್ಮ ಕೈ ಹಿಡಿದು ನಿಂತಿದ್ದನು.

ಸಂಸ್ಕೃತದಲ್ಲಿ ಚಿರತೆಗೆ ದ್ವೀಪೀ ಎಂದು ಹೆಸರು. ಮೈಯಮೇಲೆ ದ್ವೀಪಗಳಂತೆ ಮಚ್ಚೆಗಳಿರುವುದರಿಂದ ಆ ಹೆಸರು ಬಂದಿತೆಂದು ಪಂಡಿತರು ಹೇಳುವರು. ಅಮರಕೋಶವು ಈ ಶಬ್ದವನ್ನು ಹುಲಿಯ ಪರ್ಯಾಯವಾಗಿಯೇ ಎಣಿಸಿರುವುದು. ವ್ಯಾಕರಣದಲ್ಲಿ ಸಪ್ತಮೀ ವಿಭಕ್ತಿಗೆ ‘ನಿಮಿತ್ತ’ವೆಂಬ ಅರ್ಥವೂ ಉಂಟೆಂದು ತೋರಿಸಲು, ತೊಗಲಿಗಾಗಿ ಚಿರತೆಯನ್ನು ಕೊಲ್ಲುತ್ತಾನೆಂಬ ಅರ್ಥದ ಉದಾಹರಣೆಯನ್ನು ಪ್ರಾಚೀನರು ಕೊಟ್ಟಿರುವರು. ಮೂವತ್ತಕ್ಕೂ ಹೆಚ್ಚು ವರ್ಷ ಆ ಉದಾಹರಣೆಯನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದ ನಾವು, ಅದರ ಕರ್ಮಪದವು ನಮ್ಮ ಬೀದಿಯಲ್ಲಿ ನಡೆದುಹೋದುದನ್ನು ನೋಡಿ ಕೈಕಾಲು ನಡುಗಿ ಕುಳಿತೆವೆಂಬುದನ್ನು ಮರೆಮಾಚುವುದಿಲ್ಲ.

ಆ ಸಂಜೆಯೇ ಬಡಾವಣೆಯವರು ಸಭೆ ಸೇರಿದರು. ಅವರ ಭಯವು ನಿರಾಧಾರವಾದುದೆಂದು ಯಾರೂ ಹೇಳಲಾರರು. ನಮ್ಮ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಯ ಬಾಯಿಗೆ ತುತ್ತಾದರು. ಅವರಲ್ಲಿ ಒಬ್ಬನು ಹನ್ನೊಂದು ವರ್ಷದ ಬಾಲಕ. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಸಂಸ್ಥೆಯ ಆವರಣದಲ್ಲಿಯೇ ಚಿರತೆಯು ಕಾಣಿಸಿಕೊಂಡು, ಸಾವಿರಾರು ನೌಕರರು ಮನೆಯಲ್ಲಿ ಕುಳಿತು ಕೆಲಸಮಾಡಬೇಕಾಯಿತು. ಆದಕಾರಣ ಬೋನನ್ನಿಟ್ಟು ಈ ಮೃಗವನ್ನು ಹಿಡಿದು ದೂರದ ಕಾಡಿಗೆ ಸಾಗಿಸಬೇಕೆಂದು ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. “ಮೇಷ್ಟ್ರೇ, ನಿಮ್ಮ ಭಾಷೆ ಚೆನ್ನಾಗಿದೆ, ನೀವೇ ಬರೆಯಿರಿ” ಎಂದರು. ನಾವೂ ‘ಪ್ರಾಣಭೀತಿ’, ‘ಕ್ರೂರಮೃಗ’, ‘ಅಬಾಲವೃದ್ಧರು’ ಮೊದಲಾದ ಪದಗಳನ್ನು ಧಾರಾಳವಾಗಿ ಸೇರಿಸಿ ಎರಡು ಪುಟ ಬರೆದೆವು. ನಲವತ್ತೊಂದು ಮನೆಯವರು ರುಜು ಹಾಕಿದರು.

ಮೂರನೆಯ ದಿನ ಇಲಾಖೆಯ ಒಬ್ಬ ಅಧಿಕಾರಿಗಳು ಇಬ್ಬರು ಗಾರ್ಡುಗಳೊಡನೆ ಬಂದರು. ವಯಸ್ಸಿನಲ್ಲಿ ನಮ್ಮ ಮಗನಷ್ಟಿರಬಹುದು. ಪೊದೆಯ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆಯ ಗುರುತನ್ನು ತೋರಿಸಿ, “ನಾಯಿಯ ಹೆಜ್ಜೆಯಾದರೆ ಉಗುರಿನ ಗುರುತಿರುತ್ತದೆ ಸಾರ್. ಚಿರತೆ ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ, ನೋಡಿ, ಇಲ್ಲಿ ಇಲ್ಲ” ಎಂದರು. ಅನಂತರ ನೆಲದ ಮೇಲೆ ಒಣಗಿದ್ದ ಅನ್ನವನ್ನು ನೋಡಿ, “ಇಲ್ಲಿ ನಾಯಿಗಳಿಗೆ ಊಟ ಹಾಕುವವರು ಯಾರು?” ಎಂದು ಕೇಳಿದರು. ಅರ್ಜಿಗೆ ರುಜು ಹಾಕಿದವರೆಲ್ಲರೂ ಅರ್ಜಿ ಬರೆದವರ ಮುಖವನ್ನು ನೋಡಿದರು.

ಆ ಯುವಕರು ನಮ್ಮನ್ನು ಗದರಿಸಲಿಲ್ಲ. ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ವಿಷಯವನ್ನು ಬಿಡಿಸಿ ಹೇಳಿದರು. 2024ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 13,874 ಚಿರತೆಗಳಿರುವುವು. ನಮ್ಮ ರಾಜ್ಯದಲ್ಲಿ 1,879. ಕಾಡಿನ ಹೊರಗೆ ಕಲ್ಲುಗುಡ್ಡಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಇರುವುವೆಲ್ಲವೂ ಆ ಲೆಕ್ಕಕ್ಕೆ ಸೇರಿಲ್ಲ. ಹುಲಿಗೆ ದೊಡ್ಡ ಕಾಡು ಬೇಕು, ದೊಡ್ಡ ಬೇಟೆ ಬೇಕು. ಚಿರತೆಯಾದರೋ ಇಲಿ ಹೆಗ್ಗಣಗಳಿಂದ ಮೊದಲುಮಾಡಿ ಹಂದಿ, ಮೇಕೆ, ನಾಯಿಗಳವರೆಗೆ ದೊರೆತುದನ್ನು ತಿಂದು, ಹಗಲಲ್ಲಿ ಅಡಗಲು ಒಂದು ಪೊದೆ ಸಿಕ್ಕಿದರೆ ಅಲ್ಲಿಯೇ ಬಾಳುವುದು. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳ ನಡುವೆ ವಿದ್ಯಾ ಆತ್ರೇಯ ಎಂಬ ವಿದುಷಿಯೂ ಅವರ ಸಂಗಡಿಗರೂ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದಂತೆ, ಅಲ್ಲಿಯ ಚಿರತೆಗಳು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 39 ಪಾಲು ಸಾಕುನಾಯಿ ಬೀದಿನಾಯಿಗಳದೇ ಆಗಿದ್ದಿತು. ಎಂಜಲು ಚೆಲ್ಲಿದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಕಾರ್ಯಕಾರಣಭಾವವು ತರ್ಕಶಾಸ್ತ್ರದ ಹೊಗೆ ಬೆಂಕಿಗಳಷ್ಟೇ ಸ್ಪಷ್ಟವಾಗಿದ್ದಿತು. ಅಷ್ಟು ವರ್ಷ ತರ್ಕವನ್ನೋದಿದ ನಮಗೆ ಅದು ತೋರಲಿಲ್ಲ.

“ಹಾಗಿದ್ದರೂ ಇದನ್ನು ಹಿಡಿದು ದೂರ ಬಿಟ್ಟರೆ ಪೀಡೆ ತೊಲಗುವುದಲ್ಲವೇ?” ಎಂದು ನಾವು ಕೇಳಿದೆವು. ಅದಕ್ಕೆ ಅವರು ಪುಣೆ ಜಿಲ್ಲೆಯ ಜುನ್ನಾರ್ ಪ್ರದೇಶದ ವೃತ್ತಾಂತವನ್ನು ಹೇಳಿದರು. ಅಲ್ಲಿ 1993ರಿಂದ 2001ರವರೆಗೆ ಮನುಷ್ಯರ ಮೇಲೆ ಚಿರತೆಗಳು ಬಿದ್ದುದು ವರ್ಷಕ್ಕೆ ಸರಾಸರಿ 4 ಸಲ. ಬಳಿಕ ಹೊಲಗಳಲ್ಲಿದ್ದ ಚಿರತೆಗಳನ್ನು ಬೋನಿನಲ್ಲಿ ಹಿಡಿದು ಬೇರೆ ಕಾಡುಗಳಿಗೆ ಬಿಡುವ ಕಾರ್ಯ ಆರಂಭವಾಯಿತು. ಅನಂತರ ಅದೇ ಸಂಖ್ಯೆ ವರ್ಷಕ್ಕೆ ಸರಾಸರಿ 17ಕ್ಕೆ ಏರಿತು. ಬೋನಿನಲ್ಲಿ ಸಿಕ್ಕಿ ಬೆದರಿದ ಪ್ರಾಣಿಯನ್ನು ಗುರುತರಿಯದ ನೆಲದಲ್ಲಿ ಬಿಟ್ಟರೆ ಅದು ದಿಕ್ಕುಗೆಟ್ಟು ಅಲೆಯುವುದು. ಅದು ತೆರವು ಮಾಡಿದ ಎಡೆಗೆ ಇನ್ನೊಂದು ಬರುವುದು. ಮನುಷ್ಯರ ಮೇಲೆ ಬೀಳುವ ಚಿರತೆಯಾದರೆ ಹಿಡಿಯಲೇಬೇಕು, ಅದರಲ್ಲಿ ಸಂದೇಹವಿಲ್ಲ. ನಾಯಿಯೊಂದನ್ನು ಒಯ್ದ ಮಾತ್ರಕ್ಕೆ ಹಿಡಿದರೆ ನಮ್ಮ ಅಪಾಯವನ್ನು ಇನ್ನೊಂದು ಊರಿನವರ ಬಾಗಿಲಿಗೆ ಕಳುಹಿಸಿದಂತಾಗುವುದು. ಇದು ಅವರ ಅಭಿಪ್ರಾಯ.

ಹೊರಡುವ ಮುಂಚೆ ಅವರು ಬೀದಿಯ ಕೊನೆಗೆ ಕೈ ತೋರಿಸಿ, “ನಿಮಗೆ ಕಾಂಪೌಂಡಿದೆ ಸಾರ್. ನನಗೆ ಯೋಚನೆಯಾಗಿರುವುದು ಅವರದು” ಎಂದರು.

ಅಲ್ಲಿ, ಅರ್ಧ ಕಟ್ಟಿದ ಒಂದು ಮನೆಯ ಪಕ್ಕದಲ್ಲಿ, ತಗಡಿನ ಶೆಡ್ಡೊಂದರಲ್ಲಿ ಕಾವಲುಗಾರನ ಸಂಸಾರವು ವಾಸವಾಗಿದ್ದಿತು. ಯಾದಗಿರಿಯ ಕಡೆಯಿಂದ ಕೂಲಿಯನ್ನರಸಿ ಬಂದವರು. ಗಂಡ, ಹೆಂಡತಿ, ಐದು ವರ್ಷದ ಮಗಳು, ಎದೆಹಾಲು ಕುಡಿಯುವ ಕೂಸು. ನಿತ್ಯವೂ ವಾಯುಸೇವನೆಗೆ ಹೋಗುವಾಗ ಅವರ ಮುಂದೆಯೇ ನಾವು ಹಾದುಹೋಗುತ್ತಿದ್ದೆವು. ಆ ದಿನ ಮೊದಲ ಸಲ ನಿಂತು ನೋಡಿದೆವು. ಶೆಡ್ಡಿಗೆ ಬಾಗಿಲಿರಲಿಲ್ಲ, ಸಿಮೆಂಟಿನ ಚೀಲಗಳನ್ನು ಹೊಲಿದು ಪರದೆ ಕಟ್ಟಿದ್ದರು. ಚಿರತೆಯ ವಿಷಯ ತಿಳಿಯಿತೇ ಎಂದು ಆ ತಾಯಿಯನ್ನು ಕೇಳಿದೆವು.

“ಗೊತ್ತೈತ್ರಿ ಅಜ್ಜಾರ. ಎರಡ ಸರ್ತಿ ನೋಡೀವ್ರಿ. ಏನ್ ಮಾಡೂದ್ರಿ? ಹಗಲ ಹೊತ್ತು ಮಂದಿ ನೋಡತಾರಂತ ಕತ್ತಲಾದ ಮ್ಯಾಲೆ ಬಯಲಿಗೆ ಹೋಗಬೇಕ್ರಿ. ಹುಡುಗೀನೂ ಕರಕೊಂಡ ಹೋಗತೀನ್ರಿ” ಎಂದಳು.

ಬಯಲೆಂದರೆ ಅದೇ ಲಾಂಟಾನದ ಪೊದೆ. ಕುಳಿತ ಮನುಷ್ಯನೂ ಎಳೆಯ ಮಗುವೂ ಕತ್ತಲಲ್ಲಿ ಚಿರತೆಗೆ ಸಣ್ಣ ಪ್ರಾಣಿಯಂತೆ ತೋರಬಹುದೆಂದು ಅಧಿಕಾರಿಗಳು ಆಗತಾನೆ ಹೇಳಿದ್ದರು. ನಾವು ಮನೆಗೆ ಬಂದು ಅರ್ಜಿಯ ಪ್ರತಿಯನ್ನು ತೆಗೆದು ಮತ್ತೆ ಓದಿದೆವು. ಎರಡು ಪುಟಗಳಲ್ಲಿ ನಮ್ಮ ಮಕ್ಕಳ ಮಾತಿದ್ದಿತು, ನಮ್ಮ ಬೆಳಗಿನ ಸಂಚಾರದ ಮಾತಿದ್ದಿತು, ನಿವೇಶನಗಳ ಬೆಲೆ ಕುಸಿಯಬಹುದೆಂಬ ಮಾತೂ ಇದ್ದಿತು. ಬಾಗಿಲಿಲ್ಲದ ಆ ಮನೆಯ ಮಾತು ಒಂದಕ್ಷರವೂ ಇರಲಿಲ್ಲ. ‘ಅಬಾಲವೃದ್ಧರು’ ಎಂದು ಬರೆದಾಗ ಆ ಬಾಲೆಯು ನಮ್ಮ ಲೆಕ್ಕಕ್ಕೆ ಸೇರಿರಲಿಲ್ಲವೆಂಬುದನ್ನು ಬಹಳ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ನಾವು ಪುಣ್ಯವೆಂದು ಸುರಿದ ಅನ್ನದ ಫಲವನ್ನು ಉಣ್ಣಬೇಕಾಗಿದ್ದವರು ಅವರು.

ಮರುದಿನ ಮತ್ತೆ ಸಭೆ ಸೇರಿಸಿದೆವು. ಮುಂಬಯಿಯ ಉದಾಹರಣೆಯನ್ನು ಮುಂದಿಟ್ಟೆವು. ಆ ಮಹಾನಗರದ ನಡುವೆ 104 ಚದರ ಕಿಲೋಮೀಟರಿನಷ್ಟು ವಿಸ್ತಾರವಾದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಅದರಲ್ಲಿ ಚಿರತೆಗಳಿವೆ, ಅದರ ಅಂಚಿಗೆ ಲಕ್ಷಾಂತರ ಜನರ ವಸತಿಯಿದೆ. 2004ರ ಸುಮಾರಿನಲ್ಲಿ ಅಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. 2011ರಿಂದ ಅರಣ್ಯ ಇಲಾಖೆಯೂ ನಾಗರಿಕರೂ ಸೇರಿ ಕಸ, ಬೆಳಕು, ಶೌಚಾಲಯ, ಮಕ್ಕಳ ರಕ್ಷಣೆ ಇವುಗಳ ವಿಷಯದಲ್ಲಿ ಮನೆಮನೆಗೆ ತಿಳಿವಳಿಕೆ ಕೊಡಲು ಹೊರಟರು. ಚಿರತೆಯನ್ನು ತಿದ್ದಲಾಗದು; ನೆರೆಯವರು ತಮ್ಮನ್ನು ತಿದ್ದಿಕೊಳ್ಳಬಹುದು ಎಂಬುದೇ ಆ ಕಾರ್ಯದ ಸಾರ.

ಎಲ್ಲರೂ ಒಪ್ಪಿದರೆಂದು ಹೇಳಲಾರೆವು. ಒಬ್ಬ ಗೃಹಸ್ಥರು, “ನಾಳೆ ನನ್ನ ಮಗುವಿಗೆ ಏನಾದರೂ ಆದರೆ ನೀವು ಉತ್ತರ ಕೊಡುತ್ತೀರಾ ಮೇಷ್ಟ್ರೇ?” ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೂ ಚಂದಾ ಎತ್ತಲು ಅವರೇ ಮೊದಲು ಕೈ ನೀಡಿದರು. ಶೆಡ್ಡಿಗೆ ತಗಡಿನ ಬಾಗಿಲು ಬಂದಿತು, ಒಳಗಿನಿಂದ ಹಾಕುವ ಅಗುಳಿ ಬಂದಿತು. ಅದರ ಪಕ್ಕದಲ್ಲಿಯೇ ಶೌಚಾಲಯವೂ ಒಂದು ದೀಪವೂ ಆದುವು. ಮನೆ ಕಟ್ಟಿಸುವ ಮಾಲೀಕರು ಅರ್ಧ ವೆಚ್ಚ ಕೊಟ್ಟರು. ರಸ್ತೆಯ ಅಂಚಿನ ಪೊದೆಯನ್ನು ಕಡಿಸಿದೆವು. ಕೋಳಿಯಂಗಡಿಯವನು ರಾತ್ರಿ ಚೆಲ್ಲುತ್ತಿದ್ದ ಕಸವನ್ನು ಬೆಳಗಿನ ಗಾಡಿಗೆ ಕೊಡಲು ಒಪ್ಪಿದನು. ಉಳಿದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯಾಯಿತು. ಅವುಗಳ ಊಟ ಈಗ ಹಗಲು ಹನ್ನೊಂದು ಗಂಟೆಗೆ, ತಟ್ಟೆಯಲ್ಲಿ. ಉಂಡಮೇಲೆ ತಟ್ಟೆಯನ್ನು ನಾವೇ ತೊಳೆದಿಡುತ್ತೇವೆ. ಕತ್ತಲಾದ ಮೇಲೆ ಮಕ್ಕಳು ಒಂಟಿಯಾಗಿ ಹೊರಗೆ ಹೋಗಕೂಡದೆಂಬ ನಿಯಮ ಎಲ್ಲರ ಮನೆಯಲ್ಲಿಯೂ ಆಗಿದೆ.

ಚಿರತೆಯು ಹೊರಟುಹೋಯಿತೇ ಎಂದು ವಾಚಕ ಮಹಾಶಯರು ಕೇಳಬಹುದು. ಇಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಮಹಡಿಯಿಂದ ಅದನ್ನು ಕಂಡೆವು. ಬಡಾವಣೆಯಾಚೆಯ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ದೀಪಗಳು ಹತ್ತುತ್ತಲೂ ಎದ್ದು ಬೆಟ್ಟದ ಕಡೆಗೆ ನಡೆಯಿತು. ಸುತ್ತಲೂ ಮನೆಗಳು, ರಸ್ತೆಗಳು. ನಡುವೆ ಆ ಒಂದು ಬಂಡೆ, ನಾಲ್ಕು ಪೊದೆ. ಮೈಮೇಲೆ ದ್ವೀಪಗಳನ್ನು ಹೊತ್ತ ಪ್ರಾಣಿಗೆ ವಾಸಕ್ಕೂ ದ್ವೀಪವೇ ಉಳಿದಿದೆಯೆಂದು ತೋರಿತು. ಮರುಕವುಂಟಾಯಿತು, ಭಯವೂ ಹೋಗಲಿಲ್ಲ.

“ತಾತ, ಕರಿಯನನ್ನು ತಿಂದದ್ದು ಇದೇನಾ?” ಎಂದು ಮೊಮ್ಮಗನು ಕೇಳಿದನು. ಇದೇ ಇರಬಹುದು ಎಂದೆವು. “ಹಾಗಾದರೆ ಅದು ಕೆಟ್ಟದ್ದಾ?” ಎಂದನು. ಅದಕ್ಕೆ ಹಸಿವಾಗಿತ್ತು, ಊಟವನ್ನು ಅಲ್ಲಿಟ್ಟವರು ನಾವು ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗಿಳಿದು ಹೋಗಿ ಗೇಟಿನ ಚಿಲಕ ಬಿದ್ದಿದೆಯೇ ಎಂದು ನೋಡಿಕೊಂಡು ಬಂದನು. ಬೀದಿಯ ಕೊನೆಯಲ್ಲಿ ಶೆಡ್ಡಿನ ದೀಪ ಉರಿಯುತ್ತಿದ್ದಿತು. ಅದರ ಬಾಗಿಲು ಮುಚ್ಚಿದ್ದಿತು. ಅದನ್ನು ಕಂಡ ಮೇಲೆಯೇ ನಾವೂ ಒಳಕ್ಕೆ ಬಂದೆವು.